ಬೆಳ್ಳಿ ದೀಪ ಕಪ್ಪಾಗಿದೆಯೇ? ಉಜ್ಜಬೇಡಿ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಬೀರುವಿನಿಂದ ಬೆಳ್ಳಿ ಸಾಮಾನು ಹೊರಬರುತ್ತದೆ, ಬಚ್ಚಲಿನಿಂದ ಟೂತ್‌ಪೇಸ್ಟೂ ಬರುತ್ತದೆ. ಉಜ್ಜಿದ ಮೇಲೆ ಹೊಳೆಯುವುದೇನೋ ನಿಜ. ಆದರೆ ಪೇಸ್ಟಿನಲ್ಲಿರುವ ಪುಡಿ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯನ್ನೂ ಕೆರೆದುಕೊಂಡು ಹೋಗುತ್ತದೆ. ಎಷ್ಟೋ ಮನೆಗಳ ಕುಂಕುಮ ಭರಣಿಯ ಮೇಲಿನ ಹೂಬಳ್ಳಿ ಸವೆದು ನುಣ್ಣಗಾಗಿರುವುದು ಹೀಗೇ.

ಬೆಳ್ಳಿಗೆ ಹಿಡಿಯುವುದು ತುಕ್ಕಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಮೇಲ್ಪದರ ಸಿಲ್ವರ್ ಸಲ್ಫೈಡ್ ಆಗಿರುತ್ತದೆ. ಹಿತ್ತಾಳೆಯನ್ನು ಫಳಫಳ ಹೊಳೆಸುವ ಹುಣಸೆಹಣ್ಣು ಇದರ ಮುಂದೆ ನಡೆಯುವುದಿಲ್ಲ. ಆ ಗಂಧಕವನ್ನು ಅಲ್ಯೂಮಿನಿಯಂಗೆ ದಾಟಿಸಿಬಿಟ್ಟರೆ ಬೆಳ್ಳಿ ಪಾತ್ರೆಯ ಮೇಲೇ ಉಳಿಯುತ್ತದೆ.

ಮೊದಲು ಸಾಮಾನು ವಿಂಗಡಿಸಿ. ಮುತ್ತು, ಹರಳು ಕೂರಿಸಿದ ಒಡವೆ, ಬಣ್ಣ ಬಳಿದ ಅಮ್ಮನವರ ಮುಖವಾಡ, ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಆಭರಣ, ಒಳಗೆ ಅರಗು ತುಂಬಿದ ವಿಗ್ರಹ ಇವೆಲ್ಲ ಬೇಡ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಜರ್ಮನ್ ಸಿಲ್ವರ್ ತಟ್ಟೆಯನ್ನೂ ಪಕ್ಕಕ್ಕಿಡಿ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ, ಬೆಳ್ಳಿ ಒಂದು ಗುಂಜಿಯೂ ಇಲ್ಲ.

ಉಳಿದವನ್ನು ಸೋಪು ಹಾಕಿ ಎಣ್ಣೆ ಜಿಡ್ಡು ಹೋಗುವಂತೆ ತೊಳೆಯಿರಿ.

ಎಡವುವುದು ಮುಂದಿನ ಹಂತದಲ್ಲಿ. ಅಗಲ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿಯನ್ನು ಅದರ ಮೇಲಿಡಿ. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ (ಬೇಕಿಂಗ್ ಪೌಡರ್ ಅಲ್ಲ), ಒಂದು ಚಮಚ ಉಪ್ಪು. ನೀರು ಕೊತಕೊತ ಕುದಿದಿರಬೇಕು. ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪೊರೆ ಇರುತ್ತದೆ, ಬಿಸಿ ಸೋಡಾ ನೀರೇ ಅದನ್ನು ಬಿಡಿಸಬೇಕು. ಸೋಡಾ ಬಿದ್ದೊಡನೆ ನೀರು ನೊರೆಯುಕ್ಕುತ್ತದೆ, ಅದಕ್ಕೆ ಪಾತ್ರೆಯಲ್ಲಿ ಜಾಗ ಬಿಡಿ. ಬೆಳ್ಳಿ ಫಾಯಿಲ್‌ಗೆ ತಾಗಿಕೊಂಡೇ ಇರಬೇಕು, ಲೋಟದ ಮೇಲೆ ಲೋಟ ಪೇರಿಸಿದರೆ ಪ್ರಯೋಜನವಿಲ್ಲ. ತಾಗಿದರೆ ಮಾತ್ರ ಅಲ್ಯೂಮಿನಿಯಂನ ಎಲೆಕ್ಟ್ರಾನು ಬೆಳ್ಳಿಗೆ ಹರಿದು ಗಂಧಕವನ್ನು ಬಿಡಿಸುತ್ತದೆ. ದೀಪದ ಕಂಬಕ್ಕೆ ಫಾಯಿಲ್ ಪಟ್ಟಿ ಸುತ್ತಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ, ಕಿಟಕಿ ತೆರೆದಿಡಿ. ಐದು ನಿಮಿಷಕ್ಕೆ ಮಗ್ಗುಲು ಬದಲಿಸಿ. ನೀರು ಆರಿದರೆ ಚೆಲ್ಲಿ, ಫಾಯಿಲ್ ಕಪ್ಪಾದರೆ ಬದಲಿಸಿ, ಮತ್ತೊಮ್ಮೆ ಮಾಡಿ. ಕೆತ್ತನೆಯ ಸಂದಿಯ ಕಪ್ಪು ಒಂದೇ ಸಲಕ್ಕೆ ಹೋಗದು.

ತೊಳೆದು, ಒರೆಸಿ, ಒಣಗಿಸಿ.

ಇನ್ನೂ ಮಂಕಾಗಿದ್ದರೆ ಒಣ ವಿಭೂತಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ. ಅಂಗಡಿಯ ಯಾವ ದ್ರಾವಣಕ್ಕಿಂತಲೂ ನನಗೆ ಇದೇ ಮೇಲು. ಆದರೆ ಬೆರಳ ನಡುವೆ ತಿಕ್ಕಿ ನೋಡಿ, ತರಿತರಿಯಾಗಿದ್ದರೆ ಬೇಡ. ಬಾಗಿಲಿಗೆ ಬಂದು ಪಾಲಿಶ್ ಮಾಡಿಕೊಡುತ್ತೇನೆ ಎನ್ನುವವರ ಕೈಗಂತೂ ಕೊಡಲೇಬೇಡಿ. ಆಮ್ಲದಲ್ಲಿ ಕರಗಿದ ಬೆಳ್ಳಿ ಅವರ ಡಬ್ಬಿಯಲ್ಲೇ ಮನೆಗೆ ಹೋಗುತ್ತದೆ.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕವಿದೆ, ಸುತ್ತ ಕಪ್ಪು ಗೆರೆ ಕೂರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಸೀಮೆಸುಣ್ಣದ ತುಂಡಿನ ಜೊತೆ ಇಡಿ.