ಹುಣಸೆ ಬೀಜದಿಂದ ಮಗ್ಗಿ ಅರ್ಥವಾಯಿತು

ನನ್ನ ಮೂರನೇ ತರಗತಿ ಮಕ್ಕಳು ಮಗ್ಗಿಯನ್ನು ಹಾಡಿನ ಹಾಗೆ ಒಪ್ಪಿಸುತ್ತಿದ್ದರು. ಆದರೆ ನಡುವೆ ನಿಲ್ಲಿಸಿ "ಮೂರ್ನಾಲ್ಕಲೆ ಎಷ್ಟು?" ಅಂದರೆ ಮತ್ತೆ ಮೊದಲಿಂದ ಶುರು. ಕಡ್ಡಿ ಜೋಡಿಸಿ ತೋರಿಸು ಅಂದಾಗ ಒಬ್ಬಳು ಈ ಕಡೆ 3, ಆ ಕಡೆ 4 ಇಟ್ಟು "ಏಳು" ಅಂದಳು. ಸಮ ಗುಂಪು ಅನ್ನೋದೇ ಅವಳಿಗೆ ಸಿಕ್ಕಿರಲಿಲ್ಲ.

ಒಂದು ವಾರ ಬಾಯಿಪಾಠ ನಿಲ್ಲಿಸಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 4 ವೃತ್ತ ಬರೆದು, ಒಂದೊಂದರಲ್ಲೂ 3 ಹುಣಸೆ ಬೀಜ ಇಡಿಸಿದೆ. "ಮೂರರ ಗುಂಪು ನಾಲ್ಕು" ಎಂದು ಜೋರಾಗಿ ಹೇಳಿದ ಮೇಲೇ ಎಣಿಕೆ. ಒಂದು ದಿನ ಬೇಕಂತಲೇ ಒಂದು ವೃತ್ತಕ್ಕೆ ಜಾಸ್ತಿ ಬೀಜ ಹಾಕಿದೆ. "ಮಿಸ್, ಇದು ಸಮ ಇಲ್ಲ!" ಎಂದು ಎಲ್ಲರೂ ಕೂಗಿದರು. ನನಗೆ ಬೇಕಿದ್ದದ್ದು ಆ ಕೂಗೇ.

ಆಮೇಲೆ ಮನೆಯಿಂದ ಅಳಗುಳಿ ಮಣೆ ತಂದೆ. 2 ಸಾಲು, ಸಾಲಿಗೆ 7 ಗುಳಿ. ಅಡ್ಡ ಇದ್ದ ಮಣೆಯನ್ನು ಉದ್ದಕ್ಕೆ ತಿರುಗಿಸಿದರೆ 7 ಸಾಲು, ಸಾಲಿಗೆ 2. ಗುಳಿ ಮಾತ್ರ ಅದೇ 14, ಅಲ್ವಾ? ಏಳು ಅಂದಿದ್ದ ಹುಡುಗಿ ನಂಬದೆ ತಾನೇ ತಿರುಗಿಸಿ, ಬೆರಳಿಟ್ಟು ಎರಡು ಸಲ ಎಣಿಸಿದಳು.

ಈಗ ಮಗ್ಗಿ ಮತ್ತೆ ಹೇಳುತ್ತೇವೆ. ಮರೆತವರು ಬೀಜದ ಡಬ್ಬಿಗೆ ಕೈ ಹಾಕುತ್ತಾರೆ.