ವಿಮಾನ ಬಿಟ್ಟ ಮೇಲೆ ದಕ್ಕಿದ ಲೇಹ್: ನನ್ನ ಅನುಭವ

ಲಡಾಖಿನ ಲೇಹ್‌ಗೆ ರಸ್ತೆಯಲ್ಲೇ ಹೋಗ್ತೀನಿ, ಪ್ಯಾಕೇಜ್ ಬೇಡ, ಒಂದು ಬ್ಯಾಗ್ ಸಾಕು ಅಂದಾಗ ನಮ್ಮ ಟ್ರೆಕ್ಕಿಂಗ್ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ರಜೆಯೆಲ್ಲ ಬಸ್ಸಿನಲ್ಲೇ ಮುಗಿಯುತ್ತೆ, ಸುಮ್ನೆ ವಿಮಾನ ಹತ್ತು’ ಅಂದರು. ಈಗ ಅವರೇ ರೂಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನದ ದಾರಿಯನ್ನೂ ನೋಡಿದವನೇ ನಾನು. ಕೆಲವು ವರ್ಷಗಳ ಹಿಂದೆ ಗೆಳೆಯರ ಜತೆ ದೆಹಲಿಯಿಂದ ಹಾರಿ, ಒಂದೂವರೆ ಗಂಟೆಯೊಳಗೆ 3,500 ಮೀಟರ್ ಎತ್ತರದಲ್ಲಿ ಇಳಿದಿದ್ದೆ. ತಲೆಗೆ ಸುಮಾರು 30 ಸಾವಿರದ ಪ್ಯಾಕೇಜ್. ಮೈ ಎತ್ತರಕ್ಕೆ ಒಗ್ಗದೆ ಮೊದಲ ರಾತ್ರಿಯೇ ಅರ್ಧ ಗುಂಪಿಗೆ ತಲೆನೋವು, ವಾಂತಿ. ಆದರೂ ಪ್ಯಾಕೇಜಿನವರು ಇನ್ನೂ ಎತ್ತರದ ಖರ್ದುಂಗ್ ಲಾ (‘ಲಾ’ ಅಂದರೆ ಬೆಟ್ಟ ದಾಟುವ ದಾರಿ) ಕಡೆ ಗಾಡಿ ಹೊರಡಿಸಿಬಿಟ್ಟರು. ಸೌತ್ ಪುಲ್ಲು ಚೆಕ್‌ಪೋಸ್ಟ್ ಹತ್ತಿರ ಒಬ್ಬನ ತುಟಿ ನೀಲಿಗಟ್ಟಿತು. ಗಾಡಿ ವಾಪಸ್. ಆಕ್ಸಿಜನ್, ಡಾಕ್ಟರು, ಹೊಸ ಟಿಕೆಟ್ ಅಂತ ಅವನಿಗೆ ಇನ್ನೊಂದು ಹತ್ತು-ಹನ್ನೆರಡು ಸಾವಿರ ಹೋಯಿತು.

ಈ ಸಲ ಶ್ರೀನಗರದಿಂದ ಹೊರಟೆ. ಕಾರ್ಗಿಲ್ 2,700 ಮೀಟರ್ ಹತ್ತಿರ ಇದೆ. ಹೆಚ್ಚಿನವರು ಅಲ್ಲಿ ಊಟ ಮಾಡಿ ಮುಂದೆ ಹೋಗುತ್ತಾರೆ, ನಾನು ಒಂದೆರಡು ರಾತ್ರಿ ಉಳಿದೆ. ಮೈ ನಿಧಾನವಾಗಿ ಎತ್ತರಕ್ಕೆ ಒಗ್ಗಿತು, ಇಡೀ ಪ್ರವಾಸದ ಗೆಲುವು ಅಲ್ಲೇ ಇತ್ತು. ಆಮೇಲೆ 4,108 ಮೀಟರಿನ ಫೋಟು ಲಾ ದಾಟಿ, ಕೆಳಗಿಳಿದು ಲಾಮಾಯುರುವಿನಲ್ಲಿ ಮಲಗಿದೆ. ಅದು ಆಗಲೇ ಹೆಚ್ಚುಕಡಿಮೆ ಲೇಹ್‌ನಷ್ಟೇ ಎತ್ತರ. ಕಾರ್ಗಿಲ್‌ನಲ್ಲಿ ಶೇರ್ ಟ್ಯಾಕ್ಸಿಯ ಮುಂದಿನ ಸೀಟು ಹೇಗೆ ಹಿಡಿದೆ ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಲೇಹ್‌ನಲ್ಲಿ ಊರನ್ನೇ ಏಣಿ ಮಾಡಿಕೊಂಡೆ. ಮೊದಲು ಬರೀ ಬಜಾರು. ಮರುದಿನ ಒಂಬತ್ತು ಅಂತಸ್ತಿನ ಅರಮನೆ. ಅದಾದ ಮೇಲೆ ಅದರ ನೆತ್ತಿಯ ಮೇಲಿರುವ ತ್ಸೆಮೋ ಬೌದ್ಧ ಮಠ. ಅಲ್ಲಿ ಕಾಲಡಿಯ ಜಲ್ಲಿ ಜಾರುತ್ತದೆ, ಇಳಿಯುವಾಗ ಹಿಮ್ಮಡಿ ಊರಿ ಇಳಿಯಬೇಕು. ಶಾಂತಿ ಸ್ತೂಪದ ಮೆಟ್ಟಿಲು ಐನೂರಕ್ಕೂ ಜಾಸ್ತಿ. ನನ್ನ ನಿಯಮ ಒಂದೇ: ಮೂಗಿನಲ್ಲೇ ಉಸಿರಾಡಬೇಕು, ಬಾಯಿ ತೆರೆಯಬೇಕು ಅನ್ನಿಸಿದರೆ ಅಲ್ಲೇ ನಿಲ್ಲಬೇಕು. ಮೊದಲ ಸಲ ಹತ್ತಿಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತೆ. ವಾರದ ಕೊನೆಗೆ ಎರಡೇ ಕಡೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದ ಆಕ್ಸಿಜನ್ ಮೊದಲು ಶೇಕಡ 85ರ ಆಸುಪಾಸು ತೋರಿಸುತ್ತಿತ್ತು, ಆಮೇಲೆ 91-92ಕ್ಕೆ ಬಂತು.

ನಡುವೆ ಅಡುಗೆಯ ಪ್ರಯೋಗವೂ ಆಯಿತು. ಆ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಚಿಕ್ಕ ಪಾತ್ರೆಯಲ್ಲಿ ಅನ್ನಕ್ಕಿಟ್ಟರೆ ಹೊರಗೆ ಮುದ್ದೆ, ಒಳಗೆ ಅಕ್ಕಿ. ಬಜಾರಿನಲ್ಲಿ ಕೊಂಡ ಗ್ಯಾಸ್ ಕ್ಯಾನಿಸ್ಟರ್ ಅರ್ಧ ಖಾಲಿ. ಊರಿಂದ ತಂದಿದ್ದ ತೆಳು ಅವಲಕ್ಕಿ ಕಾಪಾಡಿತು: ತಣ್ಣೀರು, ಮೆಂತ್ಯದ ಹಿಟ್ಟು, ಬೆಲ್ಲ, ಮುಗಿಯಿತು. ಅಲ್ಲಿಯ ತ್ಸಾಂಪಾ ಅಂದರೆ ಹುರಿದ ಬಾರ್ಲಿಯ ಹಿಟ್ಟು. ನಮ್ಮ ಹುರಿಹಿಟ್ಟಿನ ಹಾಗೆ ಅದನ್ನೂ ಬೆಲ್ಲ ಹಾಕಿ ಕಲಸಿದೆ. ಹೋಮ್‌ಸ್ಟೇ ಅಮ್ಮ ಎರಡನೇ ಸಲ ಕೇಳಿ ತಿಂದರು!

ಮೈ ಒಗ್ಗಿದ ಮೇಲೆ ಲಿಕಿರ್‌ನಿಂದ ಶಾಮ್ ಕಣಿವೆಯ ಟ್ರೆಕ್. ದಾರಿಯ ಹಳ್ಳಿಗಳು ಯಾಂಗ್ಥಾಂಗ್, ಹೆಮಿಸ್ ಶುಕ್ಪಾಚನ್, ತೆಮಿಸ್ಗಾಮ್. ಸುಲಭ ಅನ್ನುತ್ತಾರೆ, ಆದರೆ ಬಿಸಿಲಲ್ಲಿ ನೆರಳೇ ಇಲ್ಲ. ಮೂರು ಲೀಟರ್ ನೀರು ಬೇಕೇ ಬೇಕು. ಹೋಮ್‌ಸ್ಟೇಯಲ್ಲಿ ಒಂದು ರಾತ್ರಿಗೆ ಊಟ ಸೇರಿ 1,200-1,300 ಕೊಟ್ಟ ನೆನಪು.

ಕೊನೆಗೆ ಅದೇ ಖರ್ದುಂಗ್ ಲಾ. ಹಳೆಯ ಬೋರ್ಡಿನಲ್ಲಿ 18,380 ಅಡಿ ಅಂತಿತ್ತು, ನಿಜವಾಗಿ 17,580ರ ಸುಮಾರು. ಗಾಡಿಯಲ್ಲಿ ಸೈಕಲ್ ಸಮೇತ ಮೇಲೆ ಬಿಡುತ್ತಾರೆ, ನಾನು ಹೆಚ್ಚುಕಡಿಮೆ ಎರಡು ಸಾವಿರ ಕೊಟ್ಟೆ. ಅಲ್ಲಿಂದ ಲೇಹ್‌ವರೆಗೆ ನಲವತ್ತು ಕಿಲೋಮೀಟರ್ ಬರೀ ಇಳಿಜಾರು. ಮೇಲಿನ ಕಡೆ ಹಿಮ ಕರಗಿದ ನೀರು ರಸ್ತೆಗೆ ಹರಿಯುತ್ತದೆ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟುತ್ತವೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ, ಬಿಟ್ಟು ಬಿಟ್ಟು ಒತ್ತಿ. ತಲೆನೋವಿನ ಸುಳಿವೂ ಇರಲಿಲ್ಲ. ಬಳಗದವರಿಗೆ ಅಲ್ಲಿಂದಲೇ ಫೋಟೋ ತೆಗೆದಿಟ್ಟೆ.

ಡಾರ್ಮ್, ಊಟ, ಓಡಾಟ, ಟ್ರೆಕ್ ಎಲ್ಲ ಸೇರಿ ಶ್ರೀನಗರದಿಂದ ಮುಂದಕ್ಕೆ 20 ಸಾವಿರ ದಾಟಲಿಲ್ಲ. ಹೊರಡುವವರು ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಕೊಳ್ಳಿ, ನಮ್ಮ ಕಡೆಯ ಪ್ರಿಪೇಯ್ಡ್ ಅಲ್ಲಿ ನಡೆಯಲ್ಲ. ಲೇಹ್ ಹತ್ತಿರದ ಸ್ತೋಕ್ ಕಾಂಗ್ರಿ ಶಿಖರ ಹತ್ತುವ ಆಸೆಯಿದ್ದರೆ, 2020ರಲ್ಲಿ ಅದನ್ನು ಮುಚ್ಚಿದ್ದರು. ವಿಚಾರಿಸದೆ ಹಣ ಕಟ್ಟಬೇಡಿ.