ಪೌಷ್ಟಿಕತೆಯ ಪಾಠಕ್ಕೆ ಮಕ್ಕಳ ತಟ್ಟೆಯೇ ಪಠ್ಯ

ಪೋಷಕಾಂಶಗಳ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೂ, ಅಂದು ಬೆಳಿಗ್ಗೆ ತಾನು ತಿಂದದ್ದರಲ್ಲಿ ಏನೇನಿತ್ತು ಎಂದು ಕೇಳಿದರೆ ತಡವರಿಸುವುದುಂಟು. ಆದ್ದರಿಂದ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಈ ಪಾಠವನ್ನು ಅವರ ಊಟದಿಂದಲೇ ಆರಂಭಿಸುವುದು ಲೇಸು.

ಮೊದಲಿಗೆ ಎರಡು ಶಾಲಾ ದಿನ ಮತ್ತು ಒಂದು ರಜಾದಿನ ತಿಂದದ್ದನ್ನೂ ಕುಡಿದದ್ದನ್ನೂ ಮಕ್ಕಳು ಬರೆದಿಡಲಿ. ರಾತ್ರಿ ನೆನಪು ಮಾಡಿಕೊಂಡು ಬರೆದರೆ ನಡುನಡುವೆ ಬಾಯಾಡಿಸಿದ ಕುರುಕಲು ಬಿಟ್ಟುಹೋಗುವುದರಿಂದ, ಆಗಿಂದಾಗಲೇ ಬರೆಯಬೇಕು. ಹಸಿವಾಗಿ ತಿಂದದ್ದೇ, ಬೇಸರಕ್ಕೋ ಗೆಳೆಯರ ಜೊತೆಗೋ ತಿಂದದ್ದೇ ಎಂಬುದೂ ಅದರಲ್ಲಿರಲಿ. ಈ ಬರಹಕ್ಕೆ ಅಂಕ ಕೊಡಬಾರದು, ತರಗತಿಯಲ್ಲಿ ಓದಿಸಲೂ ಬಾರದು. ಅಂಕ ಕೊಟ್ಟರೆ ಮಕ್ಕಳು ತಿಂದದ್ದನ್ನು ಬಿಟ್ಟು ಶಿಕ್ಷಕರಿಗೆ ಇಷ್ಟವಾಗುವುದನ್ನು ಬರೆಯುತ್ತಾರೆ. ಯಾರಾದರೂ ಪದೇ ಪದೇ ಊಟ ಬಿಟ್ಟಿರುವುದು ಕಂಡುಬಂದರೆ ಪ್ರತ್ಯೇಕವಾಗಿ ವಿಚಾರಿಸಬೇಕು.

ಬಳಿಕ ಧಾನ್ಯ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ, ಹಾಲು, ಹಣ್ಣು-ತರಕಾರಿ, ಸಿಹಿ ಮತ್ತು ಕರಿದ ತಿನಿಸು ಎಂದು ಒಂದೊಂದು ಬಣ್ಣದಲ್ಲಿ ಗುರುತು ಹಾಕಿಸಿ. ಯಾವ ಬಣ್ಣ ಕಡಿಮೆಯಿದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಹೆಚ್ಚು ಸಮಯ ಕೊಡಬೇಕಾದದ್ದು ಪೊಟ್ಟಣದ ಮೇಲಿನ ಮಾಹಿತಿಯನ್ನು ಓದುವುದಕ್ಕೆ. ತಂಪು ಪಾನೀಯವೊಂದರ ಬಾಟಲಿಯಲ್ಲಿ 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿದ್ದು, ಬಾಟಲಿ 300 ಮಿ.ಲೀ.ಯದಾಗಿದ್ದರೆ, ಅದನ್ನು ಪೂರ್ತಿ ಕುಡಿದವರ ಹೊಟ್ಟೆ ಸೇರುವುದು 30 ಗ್ರಾಂ ಸಕ್ಕರೆ. ಚಹಾ ಚಮಚವೊಂದಕ್ಕೆ ಸುಮಾರು 4 ಗ್ರಾಂನಂತೆ ಏಳೂವರೆ ಚಮಚವಾಯಿತು. ಲೆಕ್ಕವನ್ನು ಹಲಗೆಯ ಮೇಲೆ ಮಾಡಿದರೆ ಸಾಲದು, ಮಗುವಿನ ಕೈಯಿಂದಲೇ ಅಷ್ಟು ಸಕ್ಕರೆಯನ್ನು ಗಾಜಿನ ಲೋಟಕ್ಕೆ ಹಾಕಿಸಬೇಕು. ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವುಗಳಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕಿಲೊ ಕ್ಯಾಲರಿಯ ಆಹಾರದಲ್ಲಿ ಈ ಮಿತಿ 50 ಗ್ರಾಂ. ಅದರ ಅರ್ಧಕ್ಕಿಂತ ಹೆಚ್ಚು ಒಂದೇ ಬಾಟಲಿಯಲ್ಲಿದೆ ಎಂಬುದನ್ನು ಆಗ ವಿವರಿಸಿ ಹೇಳಬೇಕಾಗುವುದಿಲ್ಲ.

ತೂಕ, ಮೈಕಟ್ಟುಗಳ ಮಾತು ಇಲ್ಲಿ ಬೇಡ. ಈ ವಯಸ್ಸಿನಲ್ಲಿ ದೇಹ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಬೆಳೆಯುತ್ತಿರುತ್ತದೆ. ಒಂದು ಕುಹಕದ ಮಾತು ಸಾಕು, ಮಗು ಊಟವನ್ನೇ ಬಿಡಲು.

ಕೊನೆಗೆ ಪ್ರತಿಯೊಬ್ಬರೂ ಒಂದು ವಾರಕ್ಕೆ ಒಂದೇ ಬದಲಾವಣೆಯನ್ನು ಆರಿಸಿಕೊಳ್ಳಲಿ. ‘ಒಳ್ಳೆಯದನ್ನು ತಿನ್ನುತ್ತೇನೆ’ ಎಂಬುದಕ್ಕಿಂತ ‘ಆಟವಾದ ಮೇಲೆ ಪಾನೀಯದ ಬದಲು ನೀರು ಕುಡಿಯುತ್ತೇನೆ’ ಎಂಬುದು ನಡೆಸಿಕೊಡಬಹುದಾದ ಮಾತು. ಅಡುಗೆಮನೆಗೆ ಬರುವ ಸಾಮಾನು ಮಗುವಿನ ಕೈಯಲ್ಲಿಲ್ಲವಾದ್ದರಿಂದ, ಆಯ್ಕೆ ಅದರ ಅಳವಿನೊಳಗೇ ಇರಬೇಕು. ವಾರದ ನಂತರ ಅಂದುಕೊಂಡದ್ದು ನಡೆಯದಿದ್ದರೆ, ಯಾವ ಹೊತ್ತಿನಲ್ಲಿ ತಪ್ಪಿತು ಎಂಬುದನ್ನು ಬರೆದಿಟ್ಟ ಪುಟದಲ್ಲೇ ಹುಡುಕಿಸಿ, ಮುಂದಿನ ವಾರದ ಆಯ್ಕೆಯನ್ನು ಅದಕ್ಕೆ ತಕ್ಕಂತೆ ತಿದ್ದಿಸಿ.